ಬಂಡಿಯ ಮೇಲಿನ ಕಣ್ಕಟ್ಟು

2001ರಲ್ಲಿ ಬಂದ ‘ದಿ ಫೆಲೋಶಿಪ್ ಆಫ್ ದಿ ರಿಂಗ್’ ಚಿತ್ರದ ಆರಂಭದಲ್ಲೇ ಗ್ಯಾಂಡಾಲ್ಫ್ ಮತ್ತು ಫ್ರೋಡೊ ಒಂದೇ ಬಂಡಿಯಲ್ಲಿ ಅಕ್ಕಪಕ್ಕ ಕೂತು ಹರಟುತ್ತಾರೆ. ಒಬ್ಬ ಆಜಾನುಬಾಹು, ಇನ್ನೊಬ್ಬ ಗಿಡ್ಡ. ಎಲ್ಲ ಗ್ರಾಫಿಕ್ಸ್ ಮಾಯೆ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ! ಬಂಡಿಯ ಆಸನವನ್ನೇ ಹಿಂದೆಮುಂದೆ ಕಟ್ಟಿ, ಫ್ರೋಡೊ ಆಗಿದ್ದ ಇಲೈಜಾ ವುಡ್‌ರನ್ನು ಗ್ಯಾಂಡಾಲ್ಫ್ ಆಗಿದ್ದ ಇಯಾನ್ ಮೆಕೆಲನ್‌ಗಿಂತ ಸಾಕಷ್ಟು ಹಿಂದಕ್ಕೆ ಕೂರಿಸಿದ್ದರು. ಕ್ಯಾಮೆರಾ ಕಣ್ಣಿಗೆ ದೂರದವನು ಕುಳ್ಳನಾದ, ಅಷ್ಟೇ.

ಸೈನಿಕರ ಸರಪಳಿ ಕವಚವೂ ಹಾಗೆಯೇ: ಪ್ಲಾಸ್ಟಿಕ್ ಪೈಪು ಕೊಯ್ದು, ಬಳೆ ಬಳೆಯಾಗಿ ಕೈಯಲ್ಲೇ ಹೆಣೆದದ್ದು. ಟೋಲ್ಕೀನ್ ಕಾದಂಬರಿಯ ಟಾಮ್ ಬೊಂಬಡಿಲ್‌ನನ್ನು ನಿರ್ದೇಶಕ ಪೀಟರ್ ಜಾಕ್ಸನ್ ಕೈಬಿಟ್ಟರೆಂದು ಮುನಿದ ಓದುಗರಿದ್ದಾರೆ. ನನಗೆ ಆ ಮುನಿಸಿಲ್ಲ; ನನ್ನ ಮುನಿಸು ಗ್ರಾಫಿಕ್ಸ್ ಮೇಲೆ.

2012ರಿಂದ ಅವರೇ ತೆಗೆದ ‘ಹಾಬಿಟ್’ ಚಿತ್ರಗಳಲ್ಲಿ ಓರ್ಕ್ ಎಂಬ ರಕ್ಕಸರ ನಾಯಕ ಅಜೋಗ್ ಕಂಪ್ಯೂಟರಿನ ಕೂಸು. ಅವನ ಮುಖ ನನಗೆ ಮರುದಿನಕ್ಕೇ ಮರೆತುಹೋಯಿತು.