ಮಲಾಕಿಯನ್ನು ಓದಿ, ಮೂರನೆಯ ವರ್ಷವನ್ನು ಬಿಟ್ಟವರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕ್ರೈಸ್ತ ರೈತನಿಗೆ ದಶಮಾಂಶ ತಲೆನೋವಾಗುವುದು ಹೊಗೆಸೊಪ್ಪಿನ ಹರಾಜಿನ ದುಡ್ಡು ಖಾತೆಗೆ ಬಿದ್ದಾಗ. ಗೊಬ್ಬರದಂಗಡಿಯ ಬಾಕಿ, ಸೊಪ್ಪು ಹದಮಾಡುವ ಬ್ಯಾರನ್‌ಗೆ ಉರಿಸಿದ ಸೌದೆ, ಸೊಪ್ಪು ಮುರಿದವರ ಕೂಲಿ, ಬೆಳೆಸಾಲ ಎಲ್ಲವೂ ಅದರಲ್ಲೇ ತೀರಬೇಕು. ಹತ್ತರಲ್ಲೊಂದು ಪಾಲು ಬಂದದ್ದರಲ್ಲೋ, ಉಳಿದದ್ದರಲ್ಲೋ? ಏನೂ ಉಳಿಯದ ವರ್ಷ?

ದಶಮಾಂಶವನ್ನು ಕಡ್ಡಾಯವೆನ್ನುವ ಬೋಧಕರ ಕೈಯಲ್ಲಿ ಸಾಮಾನ್ಯವಾಗಿ ಬೈಬಲಿನ ಮಲಾಕಿಯ ಮೂರನೆಯ ಅಧ್ಯಾಯವಿರುತ್ತದೆ: ಕೊಡದವನು ದೇವರನ್ನೇ ವಂಚಿಸಿದವನು, ಕೊಟ್ಟವನಿಗೆ ಆಶೀರ್ವಾದದ ಮಳೆ. ಅದೇ ಬೈಬಲಿನ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವನ್ನು ಅಷ್ಟೇ ಜೋರಾಗಿ ಓದಿದರೆ ಚಿತ್ರವೇ ಬೇರೆ. ಅಲ್ಲಿ ದಶಮಾಂಶವೆಂದರೆ ದವಸ, ದ್ರಾಕ್ಷಾರಸ, ಎಣ್ಣೆ. ಅದನ್ನು ಕೊಟ್ಟ ಮನೆಯವರೇ ದೇವರ ಸನ್ನಿಧಿಯಲ್ಲಿ ಉಂಡು ಸಂತೋಷಪಡಬೇಕು. ಮೂರನೆಯ ವರ್ಷದ್ದು ಊರಲ್ಲೇ ಉಳಿದು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರ ಹೊಟ್ಟೆ ತುಂಬಿಸಬೇಕು. ಸೊಪ್ಪು ಮುರಿಯುವ ಕೂಲಿಯವಳ ದಿನಗೂಲಿಯ ಮಾತು ಅಲ್ಲಿಲ್ಲ. ಅವಳು ಪಡೆಯುವವರ ಸಾಲಿನವಳು. ಅವಳ ಕೈಗೇ ದಶಮಾಂಶದ ಕವರು ಕೊಡುವ ಬೋಧನೆ ನನಗೆ ಒಪ್ಪಿಗೆಯಿಲ್ಲ.

ಎಲ್ಲ ಸಭೆಗಳೂ ಹತ್ತರಲ್ಲೊಂದನ್ನೇ ಕೇಳುವುದಿಲ್ಲ: ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಸಭೆಯ ಅಗತ್ಯಕ್ಕೆ ನೆರವಾಗಿ ಎನ್ನುತ್ತದೆ, ಶೇಕಡಾವಾರು ಹೇಳುವುದಿಲ್ಲ. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಅವರನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ಹರಕೆಯೂ ಒಂದು ಬಗೆಯ ಕೊಡು-ಕೊಳ್ಳುವಿಕೆಯೇ, ಅದನ್ನು ನಿಷ್ಕಾಮ ದಾನವೆಂದು ಹೊಗಳಬೇಕಿಲ್ಲ.

ನನಗೆ ಹೆಚ್ಚು ಹಿಡಿಸುವುದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಸುಗ್ಗಿ ಹಬ್ಬ. ರಾಗಿ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ನಾಟಿಕೋಳಿ, ಮನೆಯಲ್ಲಿದ್ದದ್ದು ಬರುತ್ತದೆ. ಆರಾಧನೆ ಮುಗಿದ ಮೇಲೆ ಹರಾಜು. ಸಂತೆಯಲ್ಲಿ ಬೆಲೆ ಇಳಿಸಲು ಜಗಳವಾಡುವವನೇ ಇಲ್ಲಿ ಕೋಳಿಯ ಬೆಲೆ ಏರಿಸುತ್ತಾನೆ. ಗೆದ್ದವನು ಅದನ್ನೇ ವಾಪಸ್ ಕೊಟ್ಟು ಮತ್ತೆ ಕೂಗಿಸುವುದೂ ಉಂಟು. ಬಡವಳ ಸೋರೆಕಾಯಿಗೆ ಅಲ್ಲಿ ಗೌರವದ ಬೆಲೆ ಬರುತ್ತದೆ. ದೊಡ್ಡಸ್ತಿಕೆಯೂ ಅಲ್ಲೇ ಮೆರೆಯುತ್ತದೆನ್ನಿ. ಆದರೂ ಕೊಡದಿದ್ದರೆ ಶಾಪವೆಂಬ ಭಯವಿಲ್ಲ.

ಅಪೊಸ್ತಲ ಪೌಲನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಬಲವಂತ ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ ಎಂದದ್ದು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ. ಆ ಹಣ ಒಯ್ಯಲು ಸಭೆಗಳು ಆರಿಸಿದವರನ್ನೇ ಜೊತೆಗಿಟ್ಟುಕೊಂಡ, ಯಾರೂ ಬೆರಳು ತೋರಿಸಬಾರದೆಂದು. ದಶಮಾಂಶ ಕೇಳುವ ಸಭೆಗಳು ಇಷ್ಟಾದರೂ ಮಾಡಲಿ: ಬಂದ ಹಣದಲ್ಲಿ ಕಟ್ಟಡಕ್ಕೆಷ್ಟು, ಬೋಧಕರಿಗೆಷ್ಟು, ವಿಧವೆಯರಿಗೆಷ್ಟು ಎಂದು ವರ್ಷಕ್ಕೊಮ್ಮೆ ಎಲ್ಲರೆದುರು ಓದಲಿ.