ಪೋಖ್ರಣದ ಬಾವಿ

ರಾಜಾ ರಾಮಣ್ಣ ಕನ್ನಡಿಗರ ಹೆಮ್ಮೆ ಅಂತ ಸಾಲಿಯಲ್ಲಿ ಹೇಳಿಕೊಡುತ್ತೇವೆ. 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಓದಿದವರು, ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ 1974ರ ಮೇ 18ರಂದು ಪೋಖ್ರಣದಲ್ಲಿ ಅಣುಸ್ಫೋಟ ಮಾಡಿಸಿದವರು. ಪಿಯಾನೋ ನುಡಿಸುತ್ತಿದ್ದರು, ಸಂಗೀತದ ಮೇಲೆ ಪುಸ್ತಕ ಬರೆದರು, 1990ರಲ್ಲಿ ಮಂತ್ರಿಯೂ ಆದರು. ದೊಡ್ಡ ಬುದ್ಧಿ, ಇಲ್ಲ ಅನ್ನೋದಿಲ್ಲ. ಆದರೆ ಈ ಹೊಗಳಿಕೆಯ ಪಾಠದಲ್ಲಿ ಒಂದು ಬಾವಿಯ ಕತೆ ಬಿಟ್ಟುಹೋಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನಕ್ಕೆ ಅದು ಬೇಗ ತಿಳಿಯುವ ಕತೆ. 1972ರ ಬರದಲ್ಲಿ ನಮ್ಮ ಹಿರೀಕರು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಬಾವಿಗಳು ತಳ ಕಂಡಿದ್ದವು. ಕೇರಿಯ ಹೆಣ್ಣುಮಕ್ಕಳು ಊರ ಬಾವಿಯಿಂದ ದೂರ ಕೊಡ ಇಟ್ಟು, ಯಾರಾದರೂ ಮೇಲಿಂದ ಹೊಯ್ದಾರೇನೋ ಅಂತ ಕಾದರು. ಮರುವರ್ಷ ರಾಜಸ್ಥಾನದ ಉಸುಕಿನಲ್ಲಿ ಸೈನ್ಯದ ಎಂಜಿನಿಯರ್ ಪಡೆ ಗುಂಡಿ ತೋಡತೊಡಗಿತು. ನೀರಿನ ಬಾವಿ ಅಂತ ಹೊರಗೆ ಸುದ್ದಿ. ಒಳಗಿನವರಿಗೆ ಬೇಕಾಗಿದ್ದದ್ದು ಬಾಂಬು ಇಳಿಸಲು ಒಣ ಗುಂಡಿ. ನೀರು ಬಂತು ನೋಡ್ರಿ! ಬಂದದ್ದೇ ತಪ್ಪಾಯ್ತು. ಅದನ್ನು ಬಿಟ್ಟು, ಜನ ಖಾಲಿ ಮಾಡಿಹೋದ ಊರೊಂದರ ಬತ್ತಿದ ಬಾವಿಗಳ ಕಡೆ ಹೊಸದಾಗಿ ತೋಡಿದರು, ನೂರು ಮೀಟರಿಗೂ ಆಳ. ನೀರು ಸಿಕ್ಕರೆ ಮೋರೆ ಸಣ್ಣದು ಮಾಡುವ ಸರ್ಕಾರವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಸರ್ಕಾರ ಅದನ್ನು ಶಾಂತಿಯುತ ಸ್ಫೋಟ ಅಂದಿತು. ಅದಕ್ಕೆ ಅಂಟಿಕೊಂಡ ಹೆಸರು 'ನಗುವ ಬುದ್ಧ'. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಯಾವ ಬುದ್ಧನಿಗೆ ಶರಣು ಹೋದರೋ, ಆ ಬುದ್ಧ! ಬಾಂಬಿಗೆ ಆ ಹೆಸರು ಹಚ್ಚುವಾಗ ನಮ್ಮನ್ನು ಯಾರು ಕೇಳಿದರು? 1997ರಲ್ಲಿ ಅದು ಬಾಂಬೇ ಆಗಿತ್ತೆಂದು ರಾಮಣ್ಣನವರೇ ಒಪ್ಪಿದರು. ಹೇಳಿದರಲ್ಲ, ಅಷ್ಟಕ್ಕೆ ಗೌರವ. ನಡುವಿನ 23 ವರ್ಷ ನಮ್ಮ ಮಕ್ಕಳು ಪರೀಕ್ಷೆಯಲ್ಲಿ 'ಶಾಂತಿಯುತ' ಅಂತಲೇ ಬರೆದರು.

ಆಗ ರಕ್ಷಣಾ ಮಂತ್ರಿ ಯಾರು? ಬಾಬು ಜಗಜೀವನ ರಾಮ್. ಗುಂಡಿ ತೋಡಿದ ಸೈನ್ಯ ಅವರ ಇಲಾಖೆಯದು. ಅವರಿಗೆ ಸುದ್ದಿ ಮುಟ್ಟಿದ್ದು ಸ್ಫೋಟ ಆದಮೇಲೆ ಅಂತ ಇತಿಹಾಸ ಬರೆದವರು ಹೇಳುತ್ತಾರೆ. ವಿದೇಶಾಂಗ ಮಂತ್ರಿ ಸ್ವರಣ್ ಸಿಂಗರಿಗೂ ಎರಡೇ ದಿನ ಮೊದಲು ತಿಳಿಸಿದರಂತೆ, ಹೀಗಾಗಿ ಬರೀ ಜಾತಿಯ ಲೆಕ್ಕ ಅನ್ನಲಾರೆವು. ಇಂದಿರಾ ಗಾಂಧಿಯವರ ಸುತ್ತ ಬೆರಳೆಣಿಕೆಯ ಜನ ಕೂತು ತೀರ್ಮಾನಿಸಿದರು, ಸಂಸತ್ತಿಗೂ ಗೊತ್ತಿಲ್ಲ. ಓದಿದವರ ಈ ಗುಟ್ಟಿನ ಪಂಕ್ತಿಯಲ್ಲಿ ರಾಮಣ್ಣ ಮುಂದಿನ ಸಾಲಿನವರು. 2004ರಲ್ಲಿ ಅವರು ತೀರಿಕೊಂಡಾಗ ಬರೆದ ಶ್ರದ್ಧಾಂಜಲಿಗಳಲ್ಲಿ ಪಿಯಾನೋ ಬಂತು, ಈ ಪಂಕ್ತಿಯ ಮಾತು ನಮಗೆ ಕಾಣಲಿಲ್ಲ.

ಹಳ್ಳಿ ಮಾಸ್ತರರಲ್ಲಿ ನಮ್ಮದೊಂದು ಕೇಳಿಕೆ. ಪಾಠ ಬಿಡಬೇಡ್ರಿ. ರಾಮಣ್ಣನವರ ಹೆಸರಿನ ಜೊತೆ ಜಗಜೀವನ ರಾಮರ ಹೆಸರನ್ನೂ ಹೇಳ್ರಿ, ನೀರು ಬಂದ ಆ ಮೊದಲ ಗುಂಡಿಯನ್ನೂ ಹೇಳ್ರಿ.