ಚಿಹಾಯಾಫುರು: ನೂರು ಪದ್ಯಗಳ ಆಟವೂ ಅರ್ಥವೂ

ಪರಭಾಷೆಯೊಂದನ್ನು ಕಲಿಯತೊಡಗಿದವನು ಮೊದಲು ಅದರ ವ್ಯಾಕರಣವನ್ನೂ ಅನಂತರ ಅದರ ಕಾವ್ಯವನ್ನೂ ಅಭ್ಯಾಸಮಾಡಿ, ಕಟ್ಟಕಡೆಗೆ ವಿನೋದಕ್ಕಾಗಿ ಅಲ್ಲಿಯ ಜನಪ್ರಿಯವಾದ ಕಥೆಗಳನ್ನು ಓದಬೇಕೆಂಬುದು ಹಿಂದಿನವರು ಒಪ್ಪಿಕೊಂಡು ಬಂದ ಕ್ರಮ. ಜಪಾನೀ ಭಾಷೆಯ ವಿಷಯದಲ್ಲಿ ಈ ಕ್ರಮವು ಈಗ ತಲೆಕೆಳಗಾಗಿರುವುದು. ವಿದ್ಯಾವಂತ ಕುಟುಂಬಗಳ ಅನೇಕ ಹುಡುಗರೂ ಹುಡುಗಿಯರೂ ಆ ದೇಶದ ಚಿತ್ರಕಥೆಗಳನ್ನೂ ಅವುಗಳಿಂದ ಹುಟ್ಟಿದ ಚಲಚ್ಚಿತ್ರಗಳನ್ನೂ ಮೊದಲು ಕಂಡು, ಅವುಗಳ ರುಚಿ ಹತ್ತಿದ ಮೇಲೆ ಅಲ್ಲಿಯ ಅಕ್ಷರಗಳನ್ನು ತಿದ್ದತೊಡಗುವರು. ಮನೆಯ ಹಿರಿಯರು ಇದನ್ನು ಕಾಲಹರಣವೆಂದು ಆಕ್ಷೇಪಿಸುವುದುಂಟು. ಆ ಆಕ್ಷೇಪವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಬರಿಯ ಮಾತಿನಿಂದ ತೀರ್ಮಾನಿಸುವುದಕ್ಕಿಂತ ಒಂದು ಕೃತಿಯನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸುವುದು ಮೇಲು. ಸುಯೆತ್ಸುಗು ಯುಕಿ ಎಂಬ ಲೇಖಕಿ ರಚಿಸಿದ “ಚಿಹಾಯಾಫುರು” ಎಂಬ ಚಿತ್ರಕಥೆಯು ಇಂಥ ಪರೀಕ್ಷೆಗೆ ತಕ್ಕುದಾಗಿದೆ.

ಈ ಕಥೆಯು 2007ನೆಯ ಇಸವಿಯ ಕೊನೆಯಲ್ಲಿ ಕೊದಾನ್ಶ ಪ್ರಕಾಶನದವರ “ಬಿ ಲವ್” ಪತ್ರಿಕೆಯಲ್ಲಿ ಆರಂಭವಾಗಿ 2022ರಲ್ಲಿ ಸಮಾಪ್ತವಾಯಿತು. ಗ್ರಂಥರೂಪದಲ್ಲಿ 50 ಸಂಪುಟಗಳಷ್ಟಾಗಿದೆ. 2009ರಲ್ಲಿ ಮಂಗಾ ತಾಯ್ಶೋ ಪುರಸ್ಕಾರವೂ, 2011ರಲ್ಲಿ ಕೊದಾನ್ಶ ಪ್ರಶಸ್ತಿಯೂ ಇದಕ್ಕೆ ದೊರೆತವು. 2011ರಿಂದ ಇದು ಚಲಿಸುವ ಚಿತ್ರಮಾಲೆಯಾಗಿಯೂ, 2016 ಮತ್ತು 2018ರಲ್ಲಿ ನಟನಟಿಯರು ಅಭಿನಯಿಸಿದ ಚಲಚ್ಚಿತ್ರಗಳಾಗಿಯೂ ಜನರ ಮುಂದೆ ಬಂದಿತು. ಜನಪ್ರಿಯತೆಯ ವಿಷಯದಲ್ಲಿ ಇನ್ನು ಹೆಚ್ಚಿಗೆ ಹೇಳಬೇಕಾದುದಿಲ್ಲ. ಆಶ್ಚರ್ಯದ ಸಂಗತಿಯೆಂದರೆ ಇದರ ವಸ್ತು. ಯುದ್ಧವಲ್ಲ, ಮಾಯಾಮಂತ್ರಗಳಲ್ಲ, ಏಳುನೂರೆಂಬತ್ತು ವರ್ಷಗಳಿಗೂ ಹಿಂದೆ ಆಯ್ದಿಟ್ಟ ಒಂದು ಪದ್ಯಸಂಕಲನ!

ಆ ಸಂಕಲನದ ಹೆಸರು “ಹ್ಯಾಕುನಿನ್ ಇಶ್ಶು”. ನೂರು ಮಂದಿ ಕವಿಗಳಿಂದ ಒಂದೊಂದು ಪದ್ಯ ಎಂಬುದು ಇದರ ಅರ್ಥ. ಫುಜಿವಾರ ನೊ ತೇಕ ಎಂಬ ಕವಿಯು 1235ರ ಸುಮಾರಿನಲ್ಲಿ ಇದನ್ನು ಸಂಗ್ರಹಿಸಿದನು. ತೆಂಜಿ ಚಕ್ರವರ್ತಿಯಿಂದ ಮೊದಲಾಗಿ ಜುಂತೊಕು ಚಕ್ರವರ್ತಿಯವರೆಗಿನ ಈ ನೂರು ಕವಿಗಳಲ್ಲಿ 21 ಮಂದಿ ಸ್ತ್ರೀಯರಿರುವರು. ನೂರರಲ್ಲಿ 43 ಪದ್ಯಗಳು ಪ್ರೇಮವಿಷಯಕವಾದವು. ಒಂದೊಂದು ಪದ್ಯವೂ 5, 7, 5, 7, 7 ಎಂಬ ಐದು ಪಾದಗಳಲ್ಲಿ ಒಟ್ಟು 31 ಕಾಲಮಾನಗಳಿಂದ ಕೂಡಿರುವುದು. ಈ ಕಾಲಮಾನವನ್ನು ಪಾಶ್ಚಾತ್ಯರಿಗೆ ತಿಳಿಸಲು ಅಲ್ಲಿಯ ಅಧ್ಯಾಪಕರು ಬಹಳ ಶ್ರಮಪಡುವರು. ಷಟ್ಪದಿಯ ಮಾತ್ರಾಗಣಗಳನ್ನು ಎಣಿಸಬಲ್ಲ ಕನ್ನಡಿಗನಿಗೆ ಅದು ಕ್ಷಣಮಾತ್ರದ ಕೆಲಸ. “ತೋಕ್ಯೋ” ಎಂಬಲ್ಲಿ ಎರಡು ಗುರುಗಳಿಂದ ನಾಲ್ಕು ಮಾತ್ರೆ, ಜಪಾನೀಯರ ಎಣಿಕೆಯಲ್ಲಿಯೂ ನಾಲ್ಕೇ. “ಕ್ಯೋತೊ” ಎಂಬಲ್ಲಿ ಗುರುವೊಂದು ಲಘುವೊಂದು, ಮೂರು ಮಾತ್ರೆ, ಅವರಿಗೂ ಮೂರು. “ನಿಪ್ಪೊನ್” ಎಂಬಲ್ಲಿ ಒತ್ತಕ್ಷರಕ್ಕೂ ಕೊನೆಯ ನಕಾರಕ್ಕೂ ಒಂದೊಂದು ಕಾಲಮಾನವನ್ನು ಕೊಟ್ಟು ಅವರು ನಾಲ್ಕೆನ್ನುವರು. ಇಲ್ಲಿಯ ಛಂದಶ್ಶಾಸ್ತ್ರವೂ ಅದನ್ನೇ ಹೇಳುವುದು.

ಸಂಬಂಧವು ಇಷ್ಟಕ್ಕೇ ನಿಲ್ಲುವುದಿಲ್ಲ. ಜಪಾನೀ ಬಾಲಕನು ಕಲಿಯುವ ವರ್ಣಮಾಲೆಯ ಕ್ರಮವು ಅ ಇ ಉ ಎ ಒ ಎಂದು ಆರಂಭವಾಗಿ ಕ ಸ ತ ನ ಹ ಮ ಯ ರ ವ ಎಂದು ಮುಂದುವರಿಯುವುದು. ಪೂರ್ವದಲ್ಲಿ ಅವರ ಸಕಾರವು ಚಕಾರಕ್ಕೆ ಹತ್ತಿರವಾಗಿಯೂ, ಹಕಾರವು ಪಕಾರವಾಗಿಯೂ ಉಚ್ಚರಿಸಲ್ಪಡುತ್ತಿದ್ದಿತೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಹಾಗೆ ತಿದ್ದಿಕೊಂಡು ಓದಿದರೆ ಕ ಚ ತ ನ ಪ ಮ ಯ ರ ವ ಎಂದಾಗಿ, ಸಂಸ್ಕೃತದ ವರ್ಗಕ್ರಮವು ಕಣ್ಣಿಗೆ ಕಟ್ಟುವುದು. ಬೌದ್ಧ ಭಿಕ್ಷುಗಳು ಮಂತ್ರಗಳ ಶುದ್ಧೋಚ್ಚಾರಣೆಗಾಗಿ ಸಿದ್ಧಮ್ ಲಿಪಿಯನ್ನೂ ಸಂಸ್ಕೃತದ ಶಿಕ್ಷಾಶಾಸ್ತ್ರವನ್ನೂ ಅಭ್ಯಾಸ ಮಾಡಿದುದರ ಫಲವಿದು. ಭಾರತದ ಬೋಧಿಸೇನನು 736ರಲ್ಲಿ ಜಪಾನನ್ನು ಸೇರಿ, 752ರಲ್ಲಿ ನಾರಾ ನಗರದ ಮಹಾಬುದ್ಧನ ನೇತ್ರೋನ್ಮೀಲನವನ್ನು ನೆರವೇರಿಸಿದನು. ಕೂಕಾಯ್ ಎಂಬ ಯತಿಯು 806ರಲ್ಲಿ ಚೀನದಿಂದ ಮರಳುವಾಗ ಸಿದ್ಧಮ್ ಗ್ರಂಥಗಳನ್ನು ತಂದನು. ಆದುದರಿಂದ ಕನ್ನಡದ ಮಗುವು ಜಪಾನೀ ನಿಘಂಟನ್ನು ತೆರೆದಾಗ ಅಲ್ಲಿ ಕಾಣುವುದು ಪೂರ್ತಿಯಾಗಿ ಪರರ ಮನೆಯಲ್ಲ.

ಇನ್ನು ಆಟದ ವಿಷಯ. ಇದಕ್ಕೆ “ಕರುತ” ಎಂದು ಹೆಸರು. ಚೀಟಿ ಎಂಬರ್ಥದ ಪೋರ್ತುಗೀಜರ ಮಾತಿನಿಂದ ಬಂದುದು. ಕುರೊಇವ ರುಇಕೊ ಎಂಬ ಪತ್ರಿಕಾಸಂಪಾದಕನು 1904ರಲ್ಲಿ ನಿಯಮಗಳನ್ನು ಏಕರೂಪಗೊಳಿಸಿ ಸ್ಪರ್ಧೆಯನ್ನು ಏರ್ಪಡಿಸಿದನು. ನೂರು ಪದ್ಯಗಳ ಉತ್ತರಾರ್ಧಗಳನ್ನು ಬರೆದ ನೂರು ಚೀಟಿಗಳಲ್ಲಿ ಐವತ್ತನ್ನು ಮಾತ್ರ ತೆಗೆದುಕೊಂಡು, ಇಬ್ಬರು ಆಟಗಾರರು ತಲಾ ಇಪ್ಪತ್ತೈದನ್ನು ತಮ್ಮ ಮುಂದಿನ ಚಾಪೆಯ ಮೇಲೆ ಹರಡುವರು. ಅವುಗಳ ಸ್ಥಾನವನ್ನು ಕಂಠಸ್ಥ ಮಾಡಲು 15 ನಿಮಿಷಗಳ ಅವಕಾಶ. ವಾಚಕನು ಪದ್ಯದ ಪೂರ್ವಾರ್ಧವನ್ನು ರಾಗವಾಗಿ ಓದತೊಡಗಿದೊಡನೆ, ಅದರ ಉತ್ತರಾರ್ಧವಿರುವ ಚೀಟಿಯನ್ನು ಯಾವನು ಮೊದಲು ಮುಟ್ಟುವನೋ ಅವನದು ಅದು. ತನ್ನ ಕಡೆಯ ಚೀಟಿಗಳನ್ನು ಮೊದಲು ಮುಗಿಸಿದವನು ಗೆದ್ದಂತೆ. ಚಾಪೆಯ ಮೇಲಿಲ್ಲದ ಐವತ್ತು ಪದ್ಯಗಳನ್ನೂ ವಾಚಕನು ನಡುನಡುವೆ ಓದುವುದರಿಂದ, ಆತುರಪಟ್ಟು ಕೈಚಾಚಿದವನಿಗೆ ದಂಡವುಂಟು. ಗಂಡಸರು ಹೆಂಗಸರು, ಹಿರಿಯರು ಕಿರಿಯರು ಎಂಬ ಭೇದವಿಲ್ಲದೆ ಒಂದೇ ಚಾಪೆಯ ಮೇಲೆ ಎದುರುಬದುರಾಗಿ ಕುಳಿತು ಆಡಬಹುದಾದುದು ಈ ಆಟದ ಒಂದು ಗುಣ.

ಈ ಆಟದ ಮರ್ಮವು ಇನ್ನೊಂದಿದೆ. ಪದ್ಯವನ್ನು ನಿಶ್ಚಯಿಸಲು ಎಷ್ಟು ಅಕ್ಷರಗಳು ಸಾಕೋ ಅಷ್ಟನ್ನು ಮಾತ್ರ ನಿಪುಣನು ಕೇಳುವನು. ಮು, ಸು, ಮೆ, ಫು, ಸ, ಹೊ, ಸೆ ಎಂಬ ಏಳು ಅಕ್ಷರಗಳಲ್ಲಿ ಒಂದೊಂದರಿಂದ ಒಂದೊಂದೇ ಪದ್ಯವು ಆರಂಭವಾಗುವುದರಿಂದ, ಅಲ್ಲಿ ಒಂದಕ್ಷರವೇ ಸಾಕು. “ಉ” ಎಂಬುದರಿಂದ ಎರಡು ಪದ್ಯಗಳಿರುವುದರಿಂದ ಎರಡನೆಯ ಅಕ್ಷರವನ್ನು ಕಾಯಬೇಕು. ಆದರೆ ಅವುಗಳಲ್ಲಿ ಒಂದನ್ನು ಓದಿ ಮುಗಿಸಿದ್ದರೆ ಉಳಿದುದಕ್ಕೆ ಒಂದೇ ಅಕ್ಷರ ಸಾಕಾಗುವುದು. ಕೆಲವಕ್ಕೆ ಆರು ಅಕ್ಷರಗಳವರೆಗೂ ತಾಳಬೇಕು. ಹೀಗೆ ಸ್ಮೃತಿಯು ಗಳಿಗೆಗಳಿಗೆಗೂ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಹೋಗಬೇಕು. ಪ್ರತ್ಯಾಹಾರಗಳಿಂದ ಶಾಸ್ತ್ರವನ್ನು ಸಂಕ್ಷೇಪಿಸಿದ ಪಾಣಿನಿಯನ್ನು ಬಲ್ಲವರು ಇದನ್ನು ಮೆಚ್ಚದಿರಲಾರರು.

ಆದರೆ ಕಾವ್ಯಪ್ರಿಯನ ದೊಡ್ಡ ಆಕ್ಷೇಪವೂ ಇಲ್ಲಿಯೇ ಹುಟ್ಟುವುದು. ಒಂದಕ್ಷರದಿಂದಲೇ ಕೆಲಸವಾಗುವಲ್ಲಿ ಉಳಿದ ಮೂವತ್ತರ ಗತಿಯೇನು? ಕವಿಯು ಹೃದಯವನ್ನು ಹಿಂಡಿ ಬರೆದುದನ್ನು ಕುದುರೆಯ ಪಂದ್ಯದ ಸನ್ನೆಯಂತೆ ಬಳಸುವುದು ರಸದ್ರೋಹವಲ್ಲವೆ? ಅರ್ಥವರಿಯದೆ ವೇದವನ್ನೋದಿದವನನ್ನು ಯಾಸ್ಕನ ನಿರುಕ್ತವು ಭಾರ ಹೊತ್ತ ಕಂಬಕ್ಕೆ ಹೋಲಿಸಿರುವುದು. “ಚಿಹಾಯಾಫುರು” ಕೃತಿಯ ಹೆಚ್ಚಳವೆಂದರೆ, ಈ ಆಕ್ಷೇಪವನ್ನು ಮರೆಮಾಚದೆ ತನ್ನ ಕಥೆಯೊಳಗೇ ಪಾತ್ರವೊಂದರ ಬಾಯಿಂದ ಆಡಿಸಿರುವುದು.

ಕಥಾನಾಯಿಕೆಯಾದ ಅಯಾಸೆ ಚಿಹಾಯಳಿಗೆ ಬಾಲ್ಯದಲ್ಲಿ ತನ್ನದೆಂಬ ಗುರಿಯೊಂದೂ ಇರಲಿಲ್ಲ. ಅಕ್ಕನ ಕೀರ್ತಿಯೇ ಅವಳ ಕನಸು. ಫುಕುಇ ಪ್ರಾಂತದಿಂದ ಬಂದು, ಮಾತಿನ ಧಾಟಿಗಾಗಿಯೂ ಬಡತನಕ್ಕಾಗಿಯೂ ಸಹಪಾಠಿಗಳಿಂದ ಪರಿಹಾಸಕ್ಕೊಳಗಾದ ಅರತ ಎಂಬ ಬಾಲಕನು ಅವಳಿಗೆ ಈ ಆಟವನ್ನು ತೋರಿಸುವನು. ಪ್ರೌಢಶಾಲೆಗೆ ಬಂದ ಮೇಲೆ ಅವಳು ಬಾಲ್ಯಸ್ನೇಹಿತನಾದ ತಾಯ್ಚಿಯೊಡನೆ ಸಂಘವನ್ನು ಕಟ್ಟಿ, ಓತ್ಸು ಪಟ್ಟಣದ ಓಮಿ ದೇವಾಲಯದಲ್ಲಿ ನಡೆಯುವ ಸ್ಪರ್ಧೆಗಳಿಗೆ ಸಿದ್ಧಳಾಗುವಳು. ಆ ದೇವಾಲಯದ ಅಧಿದೈವವು ಸಂಕಲನದ ಮೊದಲನೆಯ ಕವಿಯಾದ ತೆಂಜಿ ಚಕ್ರವರ್ತಿಯೇ. ಚಿಹಾಯಳ ಕಿವಿ ಅತಿಸೂಕ್ಷ್ಮ. ಅಕ್ಷರವು ಹೊರಡುವ ಮೊದಲೇ ಅದರ ಉಸಿರನ್ನು ಗ್ರಹಿಸುವಳು. ಆದರೆ ಅರ್ಥದಲ್ಲಿ ಅವಳಿಗೆ ಆಸಕ್ತಿಯಿಲ್ಲ. ಇವಳಿಗೆ ಪ್ರತಿಯಾಗಿ ನಿಲ್ಲುವವಳು ಕನದೆ. ಕಿಮೊನೊ ಅಂಗಡಿಯವರ ಮಗಳು, ಪ್ರಾಚೀನ ಕಾವ್ಯದಲ್ಲಿ ಭಕ್ತಿಯುಳ್ಳವಳು. ಪದ್ಯದ ಅರ್ಥವನ್ನು ಕೇಳದೆ ಚೀಟಿಯನ್ನು ಹೊಡೆಯುವುದನ್ನು ಅವಳು ಸಹಿಸಲಾರಳು.

ಕೃತಿಗೆ ಹೆಸರು ಕೊಟ್ಟ ಪದ್ಯವು ಸಂಕಲನದಲ್ಲಿ 17ನೆಯದು. ಕವಿ ಅರಿವಾರ ನೊ ನರಿಹಿರ. ತತ್ಸುತ ನದಿಯ ಮೇಲೆ ಕೆಂಪಾದ ಶರತ್ಕಾಲದ ಎಲೆಗಳನ್ನು ಅದು ವರ್ಣಿಸುವುದು. ಮೂಲಸಂಗ್ರಹವಾದ “ಕೊಕಿನ್ಶು” ಎಂಬ ಗ್ರಂಥವು ಇದನ್ನು ಶರದೃತುವಿನ ಭಾಗದಲ್ಲಿ ಇರಿಸಿ, ನಿಜೋ ಮಹಾರಾಣಿಯ ಮಂದಿರದ ಚಿತ್ರಪಟವನ್ನು ಕುರಿತುದೆಂದು ತಿಳಿಸುವುದು. ಕನದೆಯಾದರೋ ಆ ಮಹಾರಾಣಿಗೂ ಕವಿಗೂ ಇದ್ದ ಪೂರ್ವಪ್ರೇಮದ ಐತಿಹ್ಯವನ್ನು ಸ್ಮರಿಸಿ, ಇದನ್ನು ಪ್ರೇಮಪದ್ಯವೆಂದು ವ್ಯಾಖ್ಯಾನಿಸುವಳು. ವಾಚ್ಯಾರ್ಥವು ಋತುವರ್ಣನೆ, ವ್ಯಂಗ್ಯಾರ್ಥವು ಅಡಗಿಸಿದ ಅನುರಾಗ. ಆನಂದವರ್ಧನನ ಧ್ವನಿಮಾರ್ಗವನ್ನು ಹದಿಹರೆಯದ ಹುಡುಗಿಯೊಬ್ಬಳು ಶಾಲೆಯ ಕೊಠಡಿಯಲ್ಲಿ ತಾನಾಗಿ ನಡೆದಂತಾಯಿತು. ಆ ಬಳಿಕ ಚಿಹಾಯಳಿಗೆ ಚೀಟಿಯು ಬರಿಯ ಕಾಗದವಾಗಿ ಉಳಿಯುವುದಿಲ್ಲ.

ಆದರೂ ಲೇಖಕಿಯು ಬಿಟ್ಟುದೂ ಇದೆ. ಅದೇ ಪದ್ಯದ ಕೊನೆಯ ಕ್ರಿಯಾಪದವನ್ನು “ಕುಕುರು” ಎಂದು ಓದಿದರೆ, ನದಿಯು ತನ್ನ ನೀರಿಗೆ ಗಂಟುಕಟ್ಟಿ ಬಣ್ಣವೂಡಿತೆಂದೂ, “ಕುಗುರು” ಎಂದು ಓದಿದರೆ ನೀರು ಕೆಂಪೆಲೆಗಳ ಕೆಳಗೆ ಹರಿಯಿತೆಂದೂ ಅರ್ಥಭೇದವಾಗುವುದು. ಹಳೆಯ ಬರಹದಲ್ಲಿ ಕಕಾರ ಗಕಾರಗಳ ಭೇದವನ್ನು ಗುರುತಿಸದಿದ್ದುದೇ ಇದಕ್ಕೆ ಕಾರಣ. ಇಂದಿನ ಆಟದ ಚೀಟಿಗಳಲ್ಲಿಯೂ ಆ ಗುರುತಿಲ್ಲ. ಎ ಏ, ಒ ಓ ಭೇದಗಳನ್ನು ತೋರಿಸದ ಓಲೆಗರಿಗಳನ್ನು ಓದಿದ ಕನ್ನಡ ವಿದ್ವಾಂಸರಿಗೆ ಈ ಕಷ್ಟವು ಹೊಸದಲ್ಲ. ಪಾಠವಿಚಾರದ ಇಂಥ ಸ್ವಾರಸ್ಯಕ್ಕೆ ಐವತ್ತು ಸಂಪುಟಗಳ ವಿಸ್ತಾರದಲ್ಲಿ ಇನ್ನೂ ಹೆಚ್ಚಿನ ಎಡೆಯಿರಬಹುದಾಗಿತ್ತು. ಪಂದ್ಯದ ಮೇಲೆ ಪಂದ್ಯವು ಬಂದು ಕಥೆಯು ನಡುವೆ ಸಡಿಲವಾಗಿರುವುದು. ಮೇಲಾಗಿ, ವಿರಹದಿಂದಲೂ ವೈರಾಗ್ಯದಿಂದಲೂ ಪಕ್ವವಾದ ಪದ್ಯಗಳನ್ನು ಮೂವರು ತರುಣರ ಪ್ರಣಯಸಂಕಟಕ್ಕೆ ಒಪ್ಪಿಸಿದಾಗ ಅವು ಕೆಲವೆಡೆ ಕಿರಿದಾಗಿ ತೋರುವುವು. ನೂರು ಕವಿಗಳಲ್ಲಿ ಗಡಿಪಾರಾದವರೂ, ಸನ್ಯಾಸಿಗಳೂ, ಸಿಂಹಾಸನವನ್ನು ಕಳೆದುಕೊಂಡವರೂ ಇರುವರು. ಅವರ ದನಿಯು ಇಲ್ಲಿ ಮೆಲ್ಲಗಾಗಿದೆ.

ಗುಣದೋಷಗಳನ್ನು ತೂಗಿದರೆ ಗುಣದ ತಕ್ಕಡಿಯೇ ಕೆಳಗಿಳಿಯುವುದು. ಕಂಠಪಾಠವು ಮೊದಲು, ಅರ್ಥವು ಅನಂತರ ಎಂಬುದು ಅಮರಕೋಶವನ್ನು ಕಲಿತವರೆಲ್ಲರ ಅನುಭವ. ಯಾಸ್ಕನು ನಿಂದಿಸಿದುದು ಕಂಠಪಾಠವನ್ನಲ್ಲ, ಅಲ್ಲಿಯೇ ನಿಂತುಬಿಡುವುದನ್ನು. ಧರಿಸಿದವನಿಗೆ ಒಂದಲ್ಲ ಒಂದು ದಿನ ಅರ್ಥವು ಹೊಳೆದೀತು; ಧರಿಸದವನಿಗೆ ಹೊಳೆಯಲು ಒಳಗೆ ಏನೂ ಇರುವುದಿಲ್ಲ. ಜಪಾನೀಯರಿಗೂ ಆ ನೂರು ಪದ್ಯಗಳ ಭಾಷೆಯು ಪಂಪನ ಕನ್ನಡದಷ್ಟು ದೂರವಾದುದೇ, ವ್ಯಾಖ್ಯಾನವಿಲ್ಲದೆ ತಿಳಿಯುವಂಥದಲ್ಲ. ಹಾಗಿದ್ದರೂ ಅಲ್ಲಿಯ ಮಕ್ಕಳ ನಾಲಗೆಯ ಮೇಲೆ ಅವು ಇಂದಿಗೂ ಆಡುತ್ತಿರುವುದಕ್ಕೆ ಶಾಲೆಯ ಜೊತೆಗೆ ಹೊಸವರ್ಷದ ಈ ಆಟವೂ ಕಾರಣ. ಚಿತ್ರಕಥೆಯು ಆ ಆಟಕ್ಕೆ ಹೊಸ ಪ್ರಾಣವನ್ನು ತುಂಬಿತು.

ಭಾರತೀಯರಿಗೆ ಇಂಥ ಆಟವು ಅಪರಿಚಿತವೇನಲ್ಲ. ಅರವತ್ತುನಾಲ್ಕು ಕಲೆಗಳಲ್ಲಿ ವಾತ್ಸ್ಯಾಯನನು ಹೇಳುವ ಪ್ರತಿಮಾಲೆಯೇ ಅಂತ್ಯಾಕ್ಷರಿ. ಕನ್ನಡ ಮನೆಗಳಲ್ಲಿ ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಗಮಕಿಗಳಿಂದ ಕೇಳಿ, ಓದುಬರಹವಿಲ್ಲದವರೂ ಷಟ್ಪದಿಗಳನ್ನು ಧಾರಣೆಮಾಡುತ್ತಿದ್ದರು. ಇಂದು ಅಂತ್ಯಾಕ್ಷರಿಯಲ್ಲಿ ಚಲಚ್ಚಿತ್ರಗೀತೆಗಳೇ ಹೆಚ್ಚು. ಆದಕಾರಣ ಜಪಾನೀ ಚಿತ್ರಕಥೆಯನ್ನು ಹಿಡಿದು ಕುಳಿತ ಮಗುವನ್ನು ಗದರಿಸಹೊರಟ ಹಿರಿಯರು, ಮನೆಯಲ್ಲಿ ಎಷ್ಟು ಕನ್ನಡ ಪದ್ಯಗಳು ಮಗುವಿನ ಕಿವಿಗೆ ಬಿದ್ದಿವೆಯೆಂಬುದನ್ನು ಮೊದಲು ಲೆಕ್ಕಹಾಕುವುದು ಒಳ್ಳೆಯದು. ಆ ಮಗುವಿಗೆ ಹಿರಗಾನ ಅಕ್ಷರಗಳ ಜೊತೆಯಲ್ಲಿ ಭಾಮಿನಿಯ ಹತ್ತು ಪದ್ಯಗಳನ್ನೂ ಕಲಿಸಿದರೆ, ಎರಡು ಭಾಷೆಗಳಿಗೂ ಲಾಭವಾಗುವುದೇ ಹೊರತು ನಷ್ಟವಿಲ್ಲ.